ಖಾಲಿ ಡ್ರಮ್ಮಿನ ತಳದಲ್ಲಿ ಉಳಿದ ವಿಷ

ಶ್ರೀಮಠದ ಜಾತ್ರೆ ಸಮೀಪಿಸಿತೆಂದರೆ ಸುತ್ತಲಿನ ಹಳ್ಳಿಗಳ ಸದ್ಭಕ್ತರು ತಮ್ಮ ಮನೆಯ ಕಾರ್ಯವೆಂಬಂತೆ ದಾಸೋಹದ ಸಿದ್ಧತೆಗೆ ತೊಡಗುತ್ತಾರೆ. ಒಬ್ಬರು ಜೋಳದ ಚೀಲ ತಂದರೆ ಇನ್ನೊಬ್ಬರು ಕಟ್ಟಿಗೆ ತರುತ್ತಾರೆ. ಮತ್ತೊಬ್ಬರು ಟ್ರ್ಯಾಕ್ಟರನ್ನೇ ಸೇವೆಗೆ ಬಿಟ್ಟುಕೊಡುತ್ತಾರೆ. ನೀರಿಗೆ, ಮಜ್ಜಿಗೆಗೆ ಬೇಕಾಗುವ 200 ಲೀಟರಿನ ನೀಲಿ ಡ್ರಮ್ಮುಗಳು ಹೊಲಮನೆಗಳಿಂದ ಬರುತ್ತವೆ. ಬಹುಕಾಲದಿಂದ ನಡೆದುಬಂದ ಈ ಪದ್ಧತಿಯಲ್ಲಿ ಇಂದಿನವರೆಗೆ ಯಾರೂ ದೋಷ ಕಂಡವರಲ್ಲ. ನಾವೂ ಕಂಡಿರಲಿಲ್ಲ.

ಕಳೆದ ಜಾತ್ರೆಯ ಹಿಂದಿನ ಸಂಜೆ ದಾಸೋಹದ ಮನೆಯಲ್ಲಿ ಮಜ್ಜಿಗೆಯ ಸಿದ್ಧತೆ ನಡೆದಿತ್ತು. ತೊಳೆದು ಸಾಲಾಗಿ ನಿಲ್ಲಿಸಿದ್ದ ಡ್ರಮ್ಮುಗಳಲ್ಲಿ ಒಂದರ ಬಾಯಿಗೆ ಮುಖವಿಟ್ಟು ನೋಡಿದ ಹಿರಿಯ ತಾಯಿಯೊಬ್ಬರು ಹಿಂದೆ ಸರಿದರು. ಅಲ್ಲಿಯೇ ನಿಂತಿದ್ದ ನಮ್ಮನ್ನು ಕರೆದು, "ಡಾಕ್ಟ್ರೇ, ಇದರ ವಾಸನಿ ಬ್ಯಾರೆ ಐತ್ರಿ, ಒಂದಿಷ್ಟು ನೋಡ್ರಿ" ಎಂದರು. ನಾವು ಹತ್ತಿರ ಹೋದಾಗ, ಸಾಬೂನಿನ ವಾಸನೆಯ ಅಡಿಯಲ್ಲಿ ಹೊಲಕ್ಕೆ ಸಿಂಪಡಿಸುವ ಔಷಧದ ಘಾಟು ಸ್ಪಷ್ಟವಾಗಿತ್ತು. ಡ್ರಮ್ಮು ತಂದ ಭಕ್ತರನ್ನು ಕರೆಸಿ ವಿಚಾರಿಸಿದೆವು. ಗುಜರಿ ಅಂಗಡಿಯಲ್ಲಿ ಕೊಂಡ ಡ್ರಮ್ಮು. ಹೊಲದಲ್ಲಿ ಎರಡು ಹಂಗಾಮು ಔಷಧ ಕಲಸಲು ಬಳಸಿದ್ದರು. "ಮೂರು ಸಲ ಸಾಬೂನು ಹಚ್ಚಿ ತೊಳದೀನ್ರಿ, ಬೂದಿ ಹಚ್ಚಿ ತಿಕ್ಕೀನ್ರಿ, ಎರಡ ದಿನ ಬಿಸಿಲಿಗೆ ಇಟ್ಟೀನ್ರಿ" ಎಂದು ಕೈಮುಗಿದರು. ಬಳಿಕ ಸಂಕೋಚದಿಂದಲೇ, "ನೀವ ಹೇಳಿದ್ರಲ್ರೀ, ಬೂದಿ ಹಚ್ಚಿ ಬಿಸಿಲಿಗೆ ಇಟ್ರ ಶುದ್ಧ ಆಕ್ಕೈತಿ ಅಂತ" ಎಂದು ಸೇರಿಸಿದರು.

ಅವರು ಹೇಳಿದ್ದು ನಿಜ. ಹಲವು ವರ್ಷಗಳ ಹಿಂದೆ ಒಂದು ಆರೋಗ್ಯ ಶಿಬಿರದಲ್ಲಿ ಪಾತ್ರೆಗಳ ಶುಚಿತ್ವ ಕುರಿತು ಮಾತನಾಡುವಾಗ ನಾವೇ ಈ ಮಾತು ಆಡಿದ್ದೆವು. ಹಾಲಿನ, ಎಣ್ಣೆಯ ಪಾತ್ರೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಆಡಿದ ಮಾತನ್ನು ಕೇಳಿದವರು ಎಲ್ಲ ಪಾತ್ರೆಗಳಿಗೂ ಅನ್ವಯಿಸಿಕೊಂಡರು. ಅಂದು ಆ ತಾಯಿಯ ಮೂಗು ಎಚ್ಚರವಾಗಿರದಿದ್ದರೆ ಏನಾಗುತ್ತಿತ್ತೆಂಬುದನ್ನು ನೆನೆದರೆ ಇಂದಿಗೂ ನಮಗೆ ನಿದ್ರೆ ಹತ್ತುವುದಿಲ್ಲ. ಆ ಮಾತನ್ನು ಹಿಂದಕ್ಕೆ ಪಡೆದು ಸರಿಯಾದುದನ್ನು ತಿಳಿಸುವುದು ನಮ್ಮ ಕರ್ತವ್ಯ. ಈ ಲೇಖನ ಅದಕ್ಕಾಗಿಯೇ.

ಔಷಧವೆಂಬ ಹೆಸರಿನ ವಿಷ

ನಮ್ಮ ಭಾಗದಲ್ಲಿ ಕೀಟನಾಶಕಕ್ಕೆ "ಔಷಧ" ಎನ್ನುತ್ತೇವೆ. ಕೆಲವೆಡೆ "ಎಣ್ಣಿ ಹೊಡೆಯೋದು" ಎನ್ನುತ್ತಾರೆ. ಔಷಧ, ಎಣ್ಣೆ ಎರಡೂ ಮನೆಯೊಳಗಿನ ಮಂಗಳಕರ ಪದಾರ್ಥಗಳ ಹೆಸರುಗಳು. ಹೆಸರು ಮನೆಯೊಳಗೆ ಬಂದ ಮೇಲೆ ಕ್ಯಾನು, ಡ್ರಮ್ಮುಗಳೂ ಮನೆಯೊಳಗೆ ಬಂದವು. ಒಂದು ಲೀಟರಿನ ಬಾಟಲಿ ಸೀಮೆಎಣ್ಣೆಗೆ, 5 ಲೀಟರಿನ ಕ್ಯಾನು ಹೊಲಕ್ಕೆ ಒಯ್ಯುವ ಕುಡಿಯುವ ನೀರಿಗೆ, 20 ಲೀಟರಿನದು ದನಗಳ ಹಿಂಡಿ ನೆನೆಹಾಕಲು, 200 ಲೀಟರಿನದು ಬಚ್ಚಲಿಗೆ. ಗಟ್ಟಿಮುಟ್ಟಾದ ಪಾತ್ರೆಯನ್ನು ಎಸೆಯಲು ರೈತನ ಮನಸ್ಸು ಒಪ್ಪದು. ಮಿತವ್ಯಯ ಅವನ ರಕ್ತಗುಣ. ಆದರೆ ಇಲ್ಲಿ ಆ ಗುಣವೇ ಮುಳುವಾಗುತ್ತದೆ.

2013ರ ಜುಲೈನಲ್ಲಿ ಬಿಹಾರದ ಸಾರಣ ಜಿಲ್ಲೆಯ ಹಳ್ಳಿಯೊಂದರ ಶಾಲೆಯಲ್ಲಿ ಮಧ್ಯಾಹ್ನದ ಬಿಸಿಯೂಟ ಉಂಡ 23 ಮಕ್ಕಳು ಅಸುನೀಗಿದ ದುರಂತ ಅನೇಕರಿಗೆ ನೆನಪಿರಬಹುದು. ಪರೀಕ್ಷೆಯಲ್ಲಿ ಅಡುಗೆ ಎಣ್ಣೆಯಲ್ಲಿ ಮೊನೊಕ್ರೊಟೊಫಾಸ್ ಎಂಬ ಕೀಟನಾಶಕ ಪತ್ತೆಯಾಯಿತು. ಹಸಿದ ಮಕ್ಕಳಿಗೆಂದು ಬಡಿಸಿದ ಅನ್ನವದು. ಅನ್ನಕ್ಕೆ ಸಂಬಂಧಿಸಿದ ಪಾತ್ರೆಗಳೂ ವಿಷಕ್ಕೆ ಸಂಬಂಧಿಸಿದ ಪಾತ್ರೆಗಳೂ ಎಂದಿಗೂ ಒಂದೇ ಸೂರಿನಡಿ ಇರಬಾರದೆಂಬ ಪಾಠವನ್ನು ಆ ಮಕ್ಕಳು ಪ್ರಾಣ ಕೊಟ್ಟು ಕಲಿಸಿ ಹೋದರು.

ಸುಶ್ರುತ ಸಂಹಿತೆಯ ಕಲ್ಪಸ್ಥಾನ ಆರಂಭವಾಗುವುದೇ ಅನ್ನಪಾನಗಳನ್ನು ವಿಷದಿಂದ ರಕ್ಷಿಸುವ ಅಧ್ಯಾಯದಿಂದ. ಪಾಕಶಾಲೆ ಹೇಗಿರಬೇಕು, ಅದರ ಮೇಲ್ವಿಚಾರಕ ಎಂಥವನಾಗಿರಬೇಕು ಎಂಬುದನ್ನು ಆಚಾರ್ಯರು ಅಲ್ಲಿ ವಿವರಿಸಿದ್ದಾರೆ. ಅದೇ ಕಲ್ಪಸ್ಥಾನದಲ್ಲಿ ದೂಷೀವಿಷವೆಂಬುದರ ವರ್ಣನೆಯೂ ಇದೆ: ದೇಹದಿಂದ ಪೂರ್ಣವಾಗಿ ಹೊರಹೋಗದೆ, ಹಳತಾಗಿ, ಬಲಗುಂದಿ, ಒಮ್ಮೆಗೇ ಕೊಲ್ಲದೆ ಬಹುಕಾಲ ಒಳಗೇ ಉಳಿದು, ಪ್ರತಿಕೂಲ ದೇಶ, ಕಾಲ, ಆಹಾರಗಳು ಒದಗಿದಾಗ ಮತ್ತೆ ಕೆರಳುವ ವಿಷ. ಡ್ರಮ್ಮಿನ ತಳದಲ್ಲಿ ಉಳಿದುದನ್ನು ಕಂಡಾಗಲೆಲ್ಲ ನಮಗೆ ಈ ಮಾತು ನೆನಪಾಗುತ್ತದೆ.

ತೊಳೆದರೂ ಏಕೆ ಹೋಗದು?

ಮೊದಲನೆಯ ಕಾರಣ, ಖಾಲಿ ಎಂದುಕೊಂಡ ಡ್ರಮ್ಮು ಖಾಲಿಯಾಗಿರುವುದಿಲ್ಲ. ಮುಚ್ಚಿದ ತಲೆಯ ಡ್ರಮ್ಮಿಗೆ ಮೇಲ್ಭಾಗದಲ್ಲಿ ಎರಡು ಬೂಚುಗಳಿರುತ್ತವೆಯೇ ಹೊರತು ತಳದಲ್ಲಿ ತೂತು ಇರುವುದಿಲ್ಲ. ಪಂಪಿನ ಕೊಳವೆ ತಳ ಮುಟ್ಟಿದರೂ ಅಂಚಿನ ಸಂದಿಯಲ್ಲಿ ದ್ರವ ನಿಲ್ಲುತ್ತದೆ. ನೂರರಲ್ಲಿ ಒಂದು ಪಾಲು ಉಳಿಯಿತೆಂದರೂ 200 ಲೀಟರಿನ ಡ್ರಮ್ಮಿನಲ್ಲಿ ಅದು 2 ಲೀಟರು. ಕಬ್ಬಿಣದ ಪಂಜರದೊಳಗೆ ಕೂರಿಸಿದ 1000 ಲೀಟರಿನ ಬಿಳಿ ಟ್ಯಾಂಕಿಗೆ ಕೆಳಗೆ ನಲ್ಲಿ ಇರುತ್ತದೆಯಾದರೂ ಸಮತಟ್ಟಾದ ನೆಲದಲ್ಲಿಟ್ಟರೆ ಅದರ ಮೂಲೆಗಳಲ್ಲೂ ದ್ರವ ನಿಲ್ಲುತ್ತದೆ.

ಎರಡನೆಯದು, ಈ ಪಾತ್ರೆಗಳು ತಾಮ್ರ, ಹಿತ್ತಾಳೆಯವಲ್ಲ. ಕೀಟನಾಶಕವನ್ನು ಕರಗಿಸಿಡುವ ದ್ರಾವಕಗಳು ಪ್ಲಾಸ್ಟಿಕ್ಕಿನ ಗೋಡೆಯೊಳಕ್ಕೆ ಇಂಗುತ್ತವೆ. ಮೇಲ್ಮೈಯನ್ನು ಬೂದಿಯಿಂದ ಎಷ್ಟು ತಿಕ್ಕಿದರೂ ಗೋಡೆಯೊಳಗಿನದು ಹೋಗದು. ಮುಂದೆ ಅದರಲ್ಲಿ ನೀರೋ ಮಜ್ಜಿಗೆಯೋ ಎಣ್ಣೆಯೋ ನಿಂತಾಗ ಒಳಗಿನದು ಮೆಲ್ಲನೆ ಹೊರಬರುತ್ತದೆ. ಎಣ್ಣೆ, ಬೆಣ್ಣೆಗಳ ಜಿಡ್ಡು ಇಂಥ ರಾಸಾಯನಿಕಗಳನ್ನು ನೀರಿಗಿಂತಲೂ ಬೇಗ ಸೆಳೆದುಕೊಳ್ಳುತ್ತದೆ. ಆದ್ದರಿಂದ ಕೃಷಿ ರಾಸಾಯನಿಕವಿದ್ದ ಪಾತ್ರೆಯನ್ನು ಯಾವ ವಿಧದಿಂದ ತೊಳೆದರೂ ಅನ್ನ, ನೀರು, ಮೇವುಗಳಿಗೆ ಬಳಸಲಾಗದು. ಇದಕ್ಕೆ ವಿನಾಯಿತಿ ಇಲ್ಲ.

ಹಾಗಾದರೆ ತೊಳೆಯುವುದೇಕೆ? ತಳದ ವಿಷ ಬಾವಿಗೆ, ಹಳ್ಳಕ್ಕೆ, ದನದ ಬಾಯಿಗೆ, ಗುಜರಿ ಅಂಗಡಿಯ ಕೂಲಿಯವನ ಕೈಗೆ ಹೋಗದಿರಲೆಂದು. ಹೊಲದಲ್ಲಿ ಕೆಲಸ ಮಾಡುವವರ ಜೀವಕ್ಕೆ ನಾವು ಸಲ್ಲಿಸಬೇಕಾದ ದಾಸೋಹವದು.

ಬಸಿಯುವ ಕ್ರಮ

ನಮ್ಮ ಚಿಕಿತ್ಸಾಲಯಕ್ಕೆ ಬಂದವರ ಪೈಕಿ ಹೆಚ್ಚಿನವರಿಗೆ ಅಪಾಯವಾದದ್ದು ಸಿಂಪಡಿಸುವಾಗಲ್ಲ. ಕಲಸುವಾಗ, ಬಗ್ಗಿಸುವಾಗ, ತಳದಲ್ಲಿ ಉಳಿದುದನ್ನು ತೆಗೆಯುವಾಗ. ಸಿಂಪಡಿಸುವ ನೀರಿನಲ್ಲಿ ಔಷಧ ತೆಳುವಾಗಿರುತ್ತದೆ. ಡ್ರಮ್ಮಿನ ತಳದಲ್ಲಿರುವುದು ಅಚ್ಚ ವಿಷ.

ಎಲ್ಲಕ್ಕಿಂತ ಮೊದಲ ಮಾತು: ಕೊಳವೆಯನ್ನು ಬಾಯಿಗಿಟ್ಟು ಎಳೆಯಲೇಬಾರದು. ಟ್ರ್ಯಾಕ್ಟರಿನಿಂದ ಡೀಸೆಲ್ ಎಳೆಯುವ ಅಭ್ಯಾಸದಿಂದ ಡ್ರಮ್ಮಿಗೂ ಅದೇ ಉಪಾಯ ಮಾಡುವವರಿದ್ದಾರೆ. ಒಂದು ಗುಟುಕು ಗಂಟಲಿಗಿಳಿದರೆ ಹೊಟ್ಟೆಗೆ ವಿಷ. ಕೆಮ್ಮು ಬಂದು ಶ್ವಾಸನಾಳಕ್ಕೆ ಹೋದರೆ ಪುಪ್ಪುಸಕ್ಕೆ ವಿಷ. ತರುಣನೊಬ್ಬ ಹೀಗೆ ಎಳೆದು, ಉಗುಳಿ, ಬಾಯಿ ಮುಕ್ಕಳಿಸಿ, ಏನೂ ಆಗಲಿಲ್ಲವೆಂದು ಮನೆಗೆ ಹೋದ. ರಾತ್ರಿ ಉಸಿರಾಡಲಾಗದೆ ಅವನನ್ನು ನಮ್ಮ ಬಳಿ ಹೊತ್ತು ತಂದರು. ನಾವು ಒಂದು ಕ್ಷಣವೂ ಇಟ್ಟುಕೊಳ್ಳದೆ ಜಿಲ್ಲಾ ಕೇಂದ್ರಕ್ಕೆ ಕಳುಹಿಸಿದೆವು. ಹನ್ನೆರಡು ದಿನಗಳ ಬಳಿಕ ಮನೆಗೆ ಮರಳಿದ. ಇನ್ನೊಬ್ಬರಿಗೆ ಆ ಭಾಗ್ಯ ದೊರೆಯುತ್ತದೆಂಬ ಭರವಸೆಯಿಲ್ಲ.

ಕೆಲಸ ಆರಂಭಿಸುವ ಮುನ್ನ ಚೀಟಿಯನ್ನು ಓದಬೇಕು. ಓದಲು ಬಾರದವರು ಮನೆಯ ಮಕ್ಕಳಿಂದ ಓದಿಸಬೇಕು. ಚೀಟಿಯ ಮೇಲೆ ವಜ್ರಾಕಾರದ ಗುರುತಿನ ಕೆಳಗಿನ ತ್ರಿಕೋನದ ಬಣ್ಣವೇ ವಿಷದ ಪ್ರಮಾಣ ಹೇಳುತ್ತದೆ. ಕೆಂಪು ಅತ್ಯಂತ ವಿಷ, ಹಳದಿ ಹೆಚ್ಚು ವಿಷ, ನೀಲಿ ಮಧ್ಯಮ, ಹಸಿರು ಅಲ್ಪ. ಹಸಿರೆಂದರೆ ನಿರಪಾಯವೆಂದು ಅರ್ಥವಲ್ಲ. ಚೀಟಿ ಹರಿದುಹೋದ ಡ್ರಮ್ಮನ್ನು ಕೆಂಪೆಂದೇ ತಿಳಿಯಬೇಕು.

ರಬ್ಬರಿನ ಕೈಗವಸು, ಕಣ್ಣಿಗೆ ಕನ್ನಡಕ, ತುಂಬು ತೋಳಿನ ಅಂಗಿ, ಮೊಣಕಾಲಿನವರೆಗಿನ ಬೂಟು, ಎದೆಗೆ ಪ್ಲಾಸ್ಟಿಕ್ ಹೊದಿಕೆ ಇರಲಿ. ಬಯಲಿನಲ್ಲಿ, ಗಾಳಿ ಬೆನ್ನಿಗೆ ಬೀಸುವಂತೆ ನಿಂತುಕೊಳ್ಳಬೇಕು. ಬಾವಿ, ಬೋರ್‌ವೆಲ್, ದನದ ಕೊಟ್ಟಿಗೆಗಳಿಂದ ದೂರವಿರಬೇಕು. ಮಕ್ಕಳು, ಗರ್ಭಿಣಿಯರು ಸಮೀಪ ಸುಳಿಯಬಾರದು. ಎರಡು ಕೊಡ ಶುದ್ಧ ನೀರೂ ಒಂದು ಸಾಬೂನೂ ಮೊದಲೇ ಪಕ್ಕದಲ್ಲಿರಬೇಕು; ಕಣ್ಣಿಗೆ ಸಿಡಿದ ಮೇಲೆ ನೀರು ಹುಡುಕುತ್ತ ಹೋಗುವುದಲ್ಲ. ಒಬ್ಬರೇ ಮಾಡುವ ಕೆಲಸವೂ ಇದಲ್ಲ.

ಬಿಸಿಲಿನಲ್ಲಿ ನಿಂತ ಡ್ರಮ್ಮಿನೊಳಗೆ ಆವಿ ಒತ್ತಿಕೊಂಡಿರುತ್ತದೆ. ಆದಕಾರಣ ಅದನ್ನು ನೆರಳಿನಲ್ಲಿ ಆರಿಸಿ, ಬೂಚನ್ನು ಸ್ವಲ್ಪವೇ ಸಡಿಲಿಸಿ, ಸುಯ್ಯೆನ್ನುವ ಸದ್ದು ನಿಂತ ಬಳಿಕ ಪೂರ್ತಿ ತೆರೆಯಬೇಕು. ಒಂದು ಬೂಚಿನ ಜಾಗಕ್ಕೆ ಡ್ರಮ್ಮಿನ ನಲ್ಲಿಯನ್ನು ತಿರುಗಿಸಿ ಕೂರಿಸಿ, ಅಲುಗಾಡದ ಅಡ್ಡೆಯ ಮೇಲೆ ನಲ್ಲಿ ಕೆಳಗೆ ಬರುವಂತೆ ಇಬ್ಬರು ಸೇರಿ ಮಲಗಿಸಬೇಕು. ಆಗ ಇನ್ನೊಂದು ಬೂಚು ಮೇಲ್ಗಡೆ ಬರುತ್ತದೆ. ಅದನ್ನು ಕೊಂಚ ಸಡಿಲಿಸಿದರೆ ಒಳಗೆ ಗಾಳಿ ಹೋಗಿ ದ್ರವ ಗುಳುಗುಳು ಸಿಡಿಯದೆ ಒಂದೇ ಧಾರೆಯಾಗಿ ಇಳಿಯುತ್ತದೆ. ಧಾರೆ ನಿಂತ ಮೇಲೆ ಹಿಂಬದಿಗೆ ಒಂದೆರಡು ಇಟ್ಟಿಗೆ ಕೊಟ್ಟು ಎತ್ತಿದರೆ ಅಂಚಿನಲ್ಲಿ ಅಡಗಿದ್ದದ್ದೂ ನಲ್ಲಿಯತ್ತ ಬರುತ್ತದೆ. ಧಾರೆ ಹನಿಯಾದ ಬಳಿಕವೂ ಅರ್ಧ ನಿಮಿಷ ಕಾಯಬೇಕು. ಪಂಜರದ ಟ್ಯಾಂಕಾದರೆ ನಲ್ಲಿಯ ಎದುರು ಬದಿಯನ್ನು ಎತ್ತರಿಸಿದರೆ ಸಾಕು. ಟ್ಯಾಂಕಿನ ಬಾಯೊಳಗೆ ತಲೆ ಹಾಕುವುದು, ಒಳಗಿಳಿದು ಬಳಿಯುವುದು ಪ್ರಾಣಾಪಾಯಕಾರಿ. ಒಳಗಿನ ಆವಿ ಕೂಗುವ ಅವಕಾಶವನ್ನೂ ಕೊಡದು.

ಬಸಿದದ್ದನ್ನು ಅದೇ ಔಷಧದ, ಚೀಟಿಯಿರುವ ಕ್ಯಾನಿಗೆ ಅಥವಾ ನೇರವಾಗಿ ಸಿಂಪಡಿಸುವ ಟ್ಯಾಂಕಿಗೆ ಹಾಕಬೇಕು. ನೀರಿನ ಬಾಟಲಿಗೆ, ತಂಪು ಪಾನೀಯದ ಬಾಟಲಿಗೆ ಹಾಕಿಟ್ಟರೆ ಮನೆಯ ಮಗುವಿಗೆ ನಾವೇ ವಿಷ ಬಡಿಸಿಟ್ಟಂತೆ.

ಮೂರು ಸಲದ ಲೆಕ್ಕ

ತೊಳೆಯುವಲ್ಲಿ ನೀರಿನ ಪ್ರಮಾಣಕ್ಕಿಂತ ಸರದಿ ಮುಖ್ಯ. ಡ್ರಮ್ಮಿನಲ್ಲಿ 2 ಲೀಟರು ಉಳಿದಿದೆಯೆನ್ನೋಣ. ಅದಕ್ಕೆ 18 ಲೀಟರು ನೀರು ಹಾಕಿ ಕಲಕಿದರೆ ವಿಷ ಹತ್ತರಲ್ಲೊಂದು ಪಾಲಿಗಿಳಿಯುತ್ತದೆ. ಬಸಿದ ಮೇಲೆ ಮತ್ತೆ 2 ಲೀಟರು ಉಳಿಯುತ್ತದೆ. ಎರಡನೆಯ ಸಲಕ್ಕೆ ನೂರರಲ್ಲೊಂದು, ಮೂರನೆಯ ಸಲಕ್ಕೆ ಸಾವಿರದಲ್ಲೊಂದು. ಅದೇ 54 ಲೀಟರು ನೀರನ್ನು ಒಂದೇ ಸಲ ಸುರಿದರೆ ವಿಷ ಇಳಿಯುವುದು 28ರಲ್ಲೊಂದು ಪಾಲಿಗೆ ಮಾತ್ರ. ನೀರು ಅಷ್ಟೇ, ಫಲ ಬೇರೆ.

ಪ್ರತಿಸಲವೂ ಬೂಚು ಬಿಗಿದು, ಡ್ರಮ್ಮನ್ನು ಉರುಳಿಸಿ, ತಲೆಕೆಳಗು ಮಾಡಿ, ಒಳಗೋಡೆಯೆಲ್ಲ ನೀರು ಮುಟ್ಟುವಂತೆ ಅಲುಗಿಸಿ ಪೂರ್ತಿ ಬಸಿಯಬೇಕು. ಸಣ್ಣ ಕ್ಯಾನಾದರೆ ಕಾಲು ಭಾಗ ನೀರು ಹಾಕಿ ಅರ್ಧ ನಿಮಿಷ ಕುಲುಕಿದರೆ ಸಾಕು. ತೊಳೆದ ನೀರನ್ನು ಚೆಲ್ಲಬಾರದು. ಸಿಂಪಡಿಸುವ ಟ್ಯಾಂಕಿಗೇ ಸೇರಿಸಿ ಅದೇ ಬೆಳೆಗೆ ಹೊಡೆಯಬೇಕು. ಹಣ ಕೊಟ್ಟು ಕೊಂಡದ್ದು ಹೊಲಕ್ಕೇ ಹೋಯಿತು, ಹಳ್ಳಕ್ಕೆ ಹೋಗಲಿಲ್ಲ. ಔಷಧ ಕಲಸುವ ದಿನವೇ, ಒಣಗಿ ಗಟ್ಟಿಯಾಗುವ ಮುನ್ನವೇ ತೊಳೆಯುವುದು ಉತ್ತಮ.

ಹನಿ ನೀರಾವರಿಯ ಕೊಳವೆ ಶುಚಿಮಾಡುವ ಆಮ್ಲದ ಕ್ಯಾನುಗಳಿಗೆ ಇನ್ನೊಂದು ನಿಯಮವಿದೆ. ಆಮ್ಲಕ್ಕೆ ನೀರು ಸುರಿಯಬಾರದು, ಕುದಿದು ಮುಖಕ್ಕೆ ಸಿಡಿಯುತ್ತದೆ. ಹೆಚ್ಚು ನೀರಿಗೆ ಆಮ್ಲವನ್ನು ಮೆಲ್ಲನೆ ಹಾಕಬೇಕು. ಆಮ್ಲದ ಕ್ಯಾನನ್ನು ಬ್ಲೀಚಿಂಗ್ ಪುಡಿಯಿಂದ ತೊಳೆದರೆ ಪುಪ್ಪುಸ ಸುಡುವ ಕ್ಲೋರಿನ್ ಅನಿಲ ಏಳುತ್ತದೆ. ದ್ರಾಕ್ಷಿ ಬೆಳೆಗಾರರು ಚಾಟನಿಯ ಬಳಿಕ ಕಣ್ಣು ಒಡೆಯಲು ಲೇಪಿಸುವ ಹೈಡ್ರೋಜನ್ ಸಯನಮೈಡ್ ಮುಟ್ಟಿದವರು ಆ ದಿನಗಳಲ್ಲಿ ಮದ್ಯ ಮುಟ್ಟಿದರೆ ಮುಖ ಕೆಂಪೇರಿ, ಎದೆ ಬಡಿದುಕೊಂಡು ಕುಸಿಯುತ್ತಾರೆ. ಮದ್ಯ ಬಿಡಲು ಇದೊಂದು ನೆಪವಾದರೂ ಆಗಲಿ.

ತೊಳೆದ ಬಳಿಕ

ಮೂರು ಸಲ ತೊಳೆದ ಪಾತ್ರೆಗೆ ಮೊಳೆಯಿಂದ ತೂತು ಮಾಡಬೇಕು. ಮತ್ತಾರೂ ನೀರು ತುಂಬದಿರಲೆಂದು. ಗ್ರೈಂಡರಿನಿಂದಾಗಲಿ ಗ್ಯಾಸಿನಿಂದಾಗಲಿ ಕತ್ತರಿಸಬಾರದು. ಒಳಗುಳಿದ ಆವಿಗೆ ಕಿಡಿ ತಗುಲಿದರೆ ಸ್ಫೋಟವಾಗುತ್ತದೆ. ಸುಡಲೂಬಾರದು, ಆ ಹೊಗೆಯೇ ವಿಷ. 1971ರ ಕೀಟನಾಶಕ ನಿಯಮಗಳು ಬಳಸಿದ ಪಾತ್ರೆಗಳನ್ನು ಮರುಬಳಕೆಯಾಗುವಂತೆ ಹೊರಗೆ ಬಿಡಬಾರದು, ತೊಳೆದ ನೀರಿನಿಂದ ಜಲಮೂಲ ಕೆಡಬಾರದು ಎಂದು ಸ್ಪಷ್ಟವಾಗಿ ಹೇಳುತ್ತವೆ. ತೂತು ಮಾಡಿದ ಪಾತ್ರೆಗಳನ್ನು ಬೀಗವಿರುವ ಕೋಣೆಯಲ್ಲಿ ಕೂಡಿಟ್ಟು, ವಿಲೇವಾರಿಯ ಬಗ್ಗೆ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿಯೂ ಮಾರಿದ ಅಂಗಡಿಯಲ್ಲಿಯೂ ವಿಚಾರಿಸಬೇಕು.

ಜೀವಾಮೃತ ಮಾಡುವ ಬಂಧುಗಳಿಗೊಂದು ಮಾತು. 200 ಲೀಟರು ನೀರು, ಸಗಣಿ, ಗೋಮೂತ್ರ, ಬೆಲ್ಲ, ದ್ವಿದಳ ಧಾನ್ಯದ ಹಿಟ್ಟು ಸೇರಿಸಿ ಸೂಕ್ಷ್ಮಜೀವಿಗಳನ್ನು ಬೆಳೆಸುವ ಕಾರ್ಯವದು. ಅದನ್ನು ವಿಷದ ಡ್ರಮ್ಮಿನಲ್ಲಿ ಮಾಡಿದರೆ ಬೆಳೆಸಬೇಕಾದ ಜೀವಿಗಳನ್ನೇ ಕೊಂದಂತೆ. ಡ್ರಮ್ಮು ಬೇಕಾದಲ್ಲಿ ಹಣ್ಣಿನ ತಿರುಳು, ಸಕ್ಕರೆ ಪಾಕದಂತಹ ಆಹಾರ ಪದಾರ್ಥವಿದ್ದುದನ್ನು, ಮೂಲ ಚೀಟಿ ಸಹಿತ ಇದ್ದರೆ ಮಾತ್ರ ಕೊಳ್ಳಬೇಕು.

ವಿಷ ತಗುಲಿದರೆ

ಬಾಯಲ್ಲಿ ಜೊಲ್ಲು, ಕಣ್ಣಲ್ಲಿ ನೀರು, ವಿಪರೀತ ಬೆವರು, ವಾಂತಿ, ಭೇದಿ, ಕಣ್ಣಿನ ಪಾಪೆ ಚುಕ್ಕೆಯಷ್ಟಾಗುವುದು, ಮಾಂಸಖಂಡಗಳ ಅದುರುವಿಕೆ, ಉಸಿರಾಟದ ಕಷ್ಟ: ಇವು ಮೊನೊಕ್ರೊಟೊಫಾಸ್‌ನಂತಹ ಕೀಟನಾಶಕಗಳ ಲಕ್ಷಣಗಳು. ಕೂಡಲೇ ನೆನೆದ ಬಟ್ಟೆ ಕಳಚಿ, ಮೈಯನ್ನು ಸಾಬೂನಿನಿಂದ ತೊಳೆಯಬೇಕು. ತೊಳೆಯುವವರೂ ಕೈಗವಸು ಧರಿಸಬೇಕು. ಕಣ್ಣಿಗೆ ಬಿದ್ದರೆ 15ರಿಂದ 20 ನಿಮಿಷ ಹರಿಯುವ ನೀರಿನಲ್ಲಿ ತೊಳೆಯಬೇಕು. ಎಚ್ಚರ ತಪ್ಪಿದವರನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸಬೇಕು. ಬಾಯಿಗೆ ಏನನ್ನೂ ಹಾಕಬಾರದು.

ಇಲ್ಲಿ ಆಯುರ್ವೇದ ವೈದ್ಯರಾಗಿ ನಾವು ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ವಿಷ ಕುಡಿದವರಿಗೆ ಉಪ್ಪುನೀರು, ಹುಣಸೆನೀರು, ಸಗಣಿನೀರು ಕುಡಿಸಿ ವಾಂತಿ ಮಾಡಿಸುವ ರೂಢಿ ಹಳ್ಳಿಗಳಲ್ಲಿದೆ. ವಮನ ನಮ್ಮ ಶಾಸ್ತ್ರದ ಚಿಕಿತ್ಸೆಯೇ ಅಲ್ಲವೇ ಎಂದು ಕೇಳುವವರೂ ಇದ್ದಾರೆ. ಶಾಸ್ತ್ರದ ವಮನ ರೋಗಿಯ ಬಲಾಬಲ ನೋಡಿ ವೈದ್ಯರು ಮಾಡಿಸುವ ಕರ್ಮ. ಅಂಗಳದಲ್ಲಿ ನಾಲ್ವರು ಹಿಡಿದು ಮಾಡಿಸುವುದಲ್ಲ. ಇಂದಿನ ಔಷಧಗಳಲ್ಲಿ ಸೀಮೆಎಣ್ಣೆಯಂತಹ ದ್ರಾವಕಗಳಿರುತ್ತವೆ. ವಾಂತಿಯಾಗುವಾಗ ಅವು ಪುಪ್ಪುಸಕ್ಕೆ ಹೋಗುತ್ತವೆ. ಆಮ್ಲವಾದರೆ ಇಳಿಯುವಾಗ ಸುಟ್ಟ ಗಂಟಲನ್ನು ಏರುವಾಗ ಇನ್ನೊಮ್ಮೆ ಸುಡುತ್ತದೆ. ಮೊನೊಕ್ರೊಟೊಫಾಸ್‌ನಂಥ ವಿಷಕ್ಕೆ ಅಟ್ರೋಪಿನ್ ಎಂಬ ಚುಚ್ಚುಮದ್ದಿದೆ; ಅದು ಆಸ್ಪತ್ರೆಯಲ್ಲಿದೆ, ನಮ್ಮ ಕಷಾಯದಲ್ಲಿಲ್ಲ. ಪ್ಯಾರಾಕ್ವಾಟ್ ಎಂಬ ಕಳೆನಾಶಕಕ್ಕಂತೂ ಪ್ರತಿವಿಷವೇ ಇಲ್ಲ. ಆದುದರಿಂದ ಅದರಲ್ಲಿ ತಡಮಾಡುವಂತೆಯೇ ಇಲ್ಲ. 108ಕ್ಕೆ ಕರೆಮಾಡಿ, ಔಷಧದ ಚೀಟಿಯನ್ನೋ ಅದರ ಚಿತ್ರವನ್ನೋ ಜೊತೆಗೆ ಒಯ್ಯಬೇಕು. ದೆಹಲಿಯ ಏಮ್ಸ್ ಆಸ್ಪತ್ರೆಯ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಉಚಿತ ಸಂಖ್ಯೆ 1800 116 117 ಮನೆಯ ಗೋಡೆಯ ಮೇಲಿರಲಿ.

ಮುಂದಿನ ಜಾತ್ರೆಗೆ

ಅಂದು ಆ ಡ್ರಮ್ಮನ್ನು ಪಕ್ಕಕ್ಕಿಟ್ಟು, ಉಳಿದವುಗಳನ್ನೂ ಒಂದೊಂದಾಗಿ ವಿಚಾರಿಸಿದೆವು. ಮೂಲ ತಿಳಿಯದ ಇನ್ನೂ ನಾಲ್ಕು ಡ್ರಮ್ಮುಗಳು ಹೊರಗೆ ಬಂದವು. ರಾತ್ರೋರಾತ್ರಿ ಭಕ್ತರು ಊರೂರು ಸುತ್ತಿ ಸ್ಟೀಲಿನ ಹಂಡೆ, ತಾಮ್ರದ ಕೊಪ್ಪರಿಗೆಗಳನ್ನು ಹೊಂದಿಸಿದರು. ಮರುದಿನ ಮಜ್ಜಿಗೆ ಎಂದಿನಂತೆ ನಡೆಯಿತು. ಸಾಲಿನಲ್ಲಿ ನಿಂತು ಕುಡಿದವರಿಗೆ ಇದಾವುದೂ ತಿಳಿಯಲಿಲ್ಲ.

ಡ್ರಮ್ಮು ತಂದಿದ್ದ ಆ ಭಕ್ತರು ಎರಡು ದಿನ ಪ್ರಸಾದಕ್ಕೆ ಬರಲಿಲ್ಲ. ನಾವೇ ಅವರ ಮನೆಗೆ ಹೋಗಿ, "ತಪ್ಪು ನಿಮ್ಮದಲ್ಲ, ಅರೆಬರೆ ಹೇಳಿದ ನಮ್ಮದು" ಎಂದು ಕರೆತಂದೆವು. ಈ ಸಲದ ಜಾತ್ರೆಯಲ್ಲಿ ದಾಸೋಹಕ್ಕೆ ಬರುವ ಪ್ರತಿ ಪಾತ್ರೆಯ ಮೂಲ ವಿಚಾರಿಸುವ ಸೇವೆಯನ್ನು ಅವರೇ ವಹಿಸಿಕೊಂಡಿದ್ದಾರೆ. ಅವರು ಬಾಗಿಲಲ್ಲಿ ನಿಂತು, "ಅಣ್ಣಾರ, ಇದರಾಗ ಮೊದಲ ಏನಿತ್ರಿ?" ಎಂದು ಕೇಳಿದರೆ ಸದ್ಭಕ್ತರು ಬೇಸರಿಸಬಾರದು. ತಿಳಿಯದಿದ್ದರೆ ತಿಳಿಯದೆಂದೇ ಹೇಳಿ, ಡ್ರಮ್ಮನ್ನು ಮನೆಯಲ್ಲೇ ಬಿಟ್ಟುಬರಬೇಕು. ಬರಿಗೈಯಲ್ಲಿ ಬಂದರೂ ದಾಸೋಹದಲ್ಲಿ ಮಾಡಲು ಬೇಕಾದಷ್ಟು ಕೆಲಸವಿದೆ.